ಶ್ರೀಶೈಲ ಪಾದಯಾತ್ರೆ: ಇಬ್ಬರಿಗೆ 48,000 ಅಂದ್ರೆ ಜಾಸ್ತಿ ಆಯ್ತಾ?

ಎರೆಹೊಲ (ಜನವರಿ 11)

ಎಲ್ಲರಿಗೂ ನಮಸ್ಕಾರ. ನನ್ನೂರು ಹುನಗುಂದದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನಡೆದುಕೊಂಡೇ ಬರುತ್ತೇನೆ ಅಂತ ಅವ್ವ ಎರಡು ವರ್ಷದ ಹಿಂದೆ ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಾಳೆ. ಈ ಸಲ (2026) ಯುಗಾದಿ ಮಾರ್ಚ್ 19ಕ್ಕೆ. ಊರಿನವರ ಜೊತೆ 4ನೇ ತಾರೀಖು ಹೊರಡುವುದು ಅಂತ ಮಾತಾಗಿದೆ. ಅವ್ವನಿಗೆ 58 ವಯಸ್ಸು. ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ, ನಾನೂ ಹೊರಟಿದ್ದೇನೆ. ನನಗಿದು ಮೊದಲ ಸಲ.

ದಾರಿ ಗೊತ್ತೇ ಇದೆಯಲ್ಲ: ಇಳಕಲ್, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು, ಆಮೇಲೆ ಕಾಡು. 350 ಕಿಲೋಮೀಟರ್ ಆಸುಪಾಸು, 14 ದಿನ. ಸುಮ್ನೆ ಕೂತು ಎಕ್ಸೆಲ್‌ನಲ್ಲಿ ಒಂದು ಲೆಕ್ಕ ಹಾಕಿದೆ. ರಾತ್ರಿ ಉಳಿಯಲು 600ರಂತೆ 8,400. ಇಬ್ಬರ ಊಟಕ್ಕೆ ದಿನಕ್ಕೆ 500ರಂತೆ 7,000. ಎರಡು ಜೊತೆ ಒಳ್ಳೆ ಶೂ 9,000. ಬ್ಯಾಗು, ಟಾರ್ಚು, ಟೋಪಿ ಇತ್ಯಾದಿ 6,000. ಮಲಗುವ ಚೀಲ ಎರಡಕ್ಕೆ 3,600. ಬರುವಾಗ ಕಾರು ಬಾಡಿಗೆ 14,000. ಒಟ್ಟು 48,000 ಆಯ್ತು.

ಇದನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. "ಮಲ್ಲಯ್ಯನ ಹಂತ್ಯಾಕ ಹೋಗಾಕ ಇಷ್ಟು ರೊಕ್ಕ ಬೇಕಾಗಿದ್ರ ನಿಮ್ಮಪ್ಪ ಹನ್ನೊಂದು ಸಲ ಹೆಂಗ ಹೋಗಿ ಬರ್ತಿದ್ದ?" ಅಂದು ನಕ್ಕಳು. ಹೋಗಿ ಬಂದವರು ದಯವಿಟ್ಟು ಹೇಳಿ. ಎಲ್ಲಿ ತಪ್ಪಿದ್ದೇನೆ?

ಹಳೇಚಪ್ಪಲಿ (ಜನವರಿ 11)

ತಮ್ಮಾ, ಎಲ್ಲಾ ಕಡೆ ತಪ್ಪಿದ್ದೀರಿ. ಬೇಜಾರಾಗಬೇಡಿ.

ನಾನು 9 ಸಲ ಹೋಗಿ ಬಂದವನು, ಹೆಚ್ಚು ಸಲ ಕಂಬಿಯ (ಹೆಗಲ ಮೇಲೆ ಹೊತ್ತೊಯ್ಯುವ ದೇವರ ಕಾವಡಿ) ಜೊತೆಗೇ. ಊಟದ 7,000 ಮೊದಲು ಹೊಡೆದು ಹಾಕಿ. ನಮ್ಮ ಗಡಿ ದಾಟುವವರೆಗೆ ಅಷ್ಟಷ್ಟು ದೂರಕ್ಕೆ ದಾಸೋಹ ಸಿಗುತ್ತದೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ ಪಲ್ಯ ಅನ್ನ ಸಾರು, ಸಂಜೆ ಮಂಡಕ್ಕಿ, ನಡುವೆ ಮಜ್ಜಿಗೆ, ಕಲ್ಲಂಗಡಿ, ಬಾಳೆಹಣ್ಣು. ಬೇಡ ಅಂದರೂ ಕೈ ಹಿಡಿದು ಕೂರಿಸುತ್ತಾರೆ. ಕರ್ನೂಲಿನ ಕಡೆ ಸ್ವಲ್ಪ ವಿರಳ. ಆದರೆ ನಮ್ಮ ಕಡೆಯವರೇ ಅಲ್ಲಿಗೂ ಲಾರಿಯಲ್ಲಿ ಸಾಮಾನು ಒಯ್ದು ಒಲೆ ಹೂಡಿರುತ್ತಾರೆ, ಕಾಡಿನೊಳಗೂ. ಉಳಿಯುವುದು ಗುಡಿ, ಮಠ, ಶಾಲೆ, ಯಾರದೋ ಕಣ. 600 ರೂಪಾಯಿ ಕೊಡುತ್ತೇನೆಂದರೂ ಆ ದಾರಿಯ ಹಳ್ಳಿಗಳಲ್ಲಿ ರೂಮು ಇಲ್ಲ. ಮಲಗುವ ಚೀಲ ಬೇಡವೇ ಬೇಡ. ಮಾರ್ಚ್‌ನಲ್ಲಿ ರಾಯಚೂರಿನಲ್ಲಿ ಅದರೊಳಗೆ ಹೊಕ್ಕರೆ ಬೆಳಗಾಗುವಷ್ಟರಲ್ಲಿ ಬೆಂದು ಹೋಗುತ್ತೀರಿ. ಒಂದು ಚಾಪೆ, ಒಂದು ಚಾದರ ಸಾಕು.

ಹೋದ ವರ್ಷ ನನಗೆ ಆದ ಖರ್ಚು ಡೈರಿ ನೋಡಿ ಬರೆಯುತ್ತಿದ್ದೇನೆ. ಮೇಳದ ಪಟ್ಟಿ, ಅಂದರೆ ಗುಂಪಿನ ವಂತಿಗೆ 1,200. ಚಹಾ, ಎಳನೀರು 600. ಚಪ್ಪಲಿ ಹೊಲಿಸಿದ್ದು 80, ಅದು ಮತ್ತೆ ಕಿತ್ತು ರಾಯಚೂರಿನಲ್ಲಿ ಹೊಸದು ತಗೊಂಡಿದ್ದು 350. ಔಷಧಿ 220. ದಾಸೋಹಗಳಲ್ಲಿ ಕಾಣಿಕೆ 1,001. ಫೋನ್ ಚಾರ್ಜಿಗೆ 140. ಶ್ರೀಶೈಲದಲ್ಲಿ ಪ್ರಸಾದ, ಮೊಮ್ಮಕ್ಕಳಿಗೆ ಬಳೆ, ದಾರ 900. ಬರುವಾಗ ಬಸ್ಸು 780. ಕೂಡಿಸಿದರೆ 5,271.

ಶೂ ವಿಷಯ ಬೇರೆಯಾಗಿ ಬರೆಯುತ್ತೇನೆ, ಅದು ದೊಡ್ಡದಿದೆ.

ಮಗ್ಗದವ (ಜನವರಿ 12)

ಹಳೇಚಪ್ಪಲಿ ಅಣ್ಣಾರ ಲೆಕ್ಕ ಸರಿಯಿದೆ. ಆದರೆ ಅದು ಪೆನ್ಶನ್ ಬರುವವರ ಲೆಕ್ಕ. ಸಿಟ್ಟಾಗಬೇಡಿ ಅಣ್ಣಾರ.

ನಾನು ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಮೇಲೆ ಸೀರೆ ನೇಯುವವನು. ನೇಯ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ನಮಗೆ ಹುನಗುಂದಕ್ಕಿಂತ ದಾರಿ ಉದ್ದ. ಹೋಗಿ ಬರುವುದಕ್ಕೆ 16 ದಿನ. ಬಂದ ಮೇಲೆ ಕಾಲು ಊದಿ 3 ದಿನ ಮಗ್ಗದ ಮುಂದೆ ನಿಲ್ಲುವುದಾಗುವುದಿಲ್ಲ. ಒಟ್ಟು 19 ದಿನ. ದಿನಕ್ಕೆ 550 ಹಿಡಿದರೂ 10,450 ರೂಪಾಯಿ ಬರಲಿಲ್ಲ ಅಂತಲೇ ಲೆಕ್ಕ. ಅಣ್ಣಾರ 5,271ಕ್ಕೆ ಇದನ್ನು ಸೇರಿಸಿ, 15,721. ದಾರಿಯ ಖರ್ಚಿನ ಎರಡರಷ್ಟು ದುಡ್ಡು ಮನೆಯಲ್ಲೇ ಹೋಯಿತು, ಅದೂ ಒಂದು ಹೆಜ್ಜೆ ನಡೆಯದೆ.

ಮೊದಲ ವರ್ಷ ಇದನ್ನು ಯೋಚಿಸಲೇ ಇಲ್ಲ. ಜೇಬಿನಲ್ಲಿ 4,000 ಇಟ್ಟುಕೊಂಡು ಖುಷಿಯಿಂದ ಹೋದೆ. ಬಂದು ನೋಡಿದರೆ ಹೆಂಡತಿ ಮಾಲೀಕರ ಹತ್ತಿರ 8,000 ಮುಂಗಡ ತಂದು ಮನೆ ನಡೆಸಿದ್ದಳು. ಅದು ತೀರಿದ್ದು ಶ್ರಾವಣದಲ್ಲಿ. ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ಈಗ ದಸರಾದಿಂದಲೇ ಶುರು ಮಾಡುತ್ತೇವೆ. ಹೋದ ದಸರಾದಿಂದ ಈ ಯುಗಾದಿಗೆ ಸರಿಯಾಗಿ 24 ವಾರ. ಬಟವಾಡೆ ದಿನ 250 ರೂಪಾಯಿ ಒಂದು ಡಬ್ಬಿಗೆ. 6,000 ಆಗುತ್ತದೆ. ಆ ದುಡ್ಡು ನನ್ನ ಜೊತೆ ಬರುವುದಿಲ್ಲ, ಮನೆಯಲ್ಲೇ ಇರುತ್ತದೆ. ಜೋಳ, ಎಣ್ಣೆ, ಗ್ಯಾಸು ಮೊದಲೇ ತಂದು ಇಟ್ಟಿರುತ್ತೇನೆ. ದಾರಿಖರ್ಚಿಗೆ ಬೇರೆ ಡಬ್ಬಿ. ಎರಡೂ ತುಂಬದ ವರ್ಷ ನಾನು ಹೋಗುವುದಿಲ್ಲ. 2023ರಲ್ಲಿ ಹಾಗೇ ಬಿಟ್ಟೆ.

ಎರೆಹೊಲ (ಜನವರಿ 12)

ಮಗ್ಗದವ ಅಣ್ಣಾ, ಓದಿ ಸುಮ್ಮನೆ ಕೂತುಬಿಟ್ಟೆ. ನನ್ನ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ನನಗೆ ಉಳಿದಿರುವುದು 7 ದಿನ ರಜೆ. ಶನಿವಾರ, ಭಾನುವಾರ, ಹಬ್ಬದ ರಜೆ ಬಿಟ್ಟು ಬೇಕಾದದ್ದು 11. ಅಂದರೆ 4 ದಿನ ಸಂಬಳ ಕಟ್.

ನೀಲಿಕೊಡೆ (ಜನವರಿ 12)

ಭಕ್ತಿಗೆ ಲೆಕ್ಕ ಯಾಕ್ರೀ? ಎಕ್ಸೆಲ್ ಹಾಕಿಕೊಂಡು ಯಾರಾದ್ರೂ ಮಲ್ಲಯ್ಯನ ಹತ್ರ ಹೋಗ್ತಾರಾ? ಬರಿಗೈಲಿ ಹೊರಡಿ, ಅವನೇ ನಡೆಸಿಕೊಂಡು ಹೋಗ್ತಾನೆ.

ಒಲೆಮುಂದೆ (ಜನವರಿ 12)

ನೀಲಿಕೊಡೆಯವರೇ, ಅವನು ನಡೆಸಿಕೊಂಡು ಹೋಗುವುದು ನಿಜ. ನಡೆಯುವವರಿಗೆ ಅನ್ನ ಬೇಯಿಸುವವರು ನಾವು. ನಮ್ಮ ಕಡೆಯ ಲೆಕ್ಕವನ್ನೂ ಸ್ವಲ್ಪ ಕೇಳಿ.

ಲಿಂಗಸುಗೂರು ದಾಟಿದ ಮೇಲೆ ರಾಯಚೂರು ರಸ್ತೆಯಲ್ಲಿ ನಮ್ಮೂರಿನವರು ಸೇರಿ 6 ದಿನ ದಾಸೋಹ ಮಾಡುತ್ತೇವೆ. ಊರಲ್ಲಿ ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತೇವೆ. ಕೆಲವರು ಜೋಳ ಕೊಡುತ್ತಾರೆ, ಕೆಲವರು ತೊಗರಿ. ರೊಟ್ಟಿ ಮಾತ್ರ ಎಲ್ಲಾ ಮನೆಯ ಹೆಣ್ಣುಮಕ್ಕಳೂ ಬಡಿದು ಕೊಡುತ್ತಾರೆ. ಅಕ್ಕಿ, ಬೇಳೆಗೆ ಎಂದೂ ಕೊರತೆ ಬಿದ್ದಿಲ್ಲ. ನಮಗೆ ಹೊಡೆತ ಬೀಳುವುದು ತಟ್ಟೆಯಲ್ಲಿ. ಕಾಗದದ ತಟ್ಟೆಗೆ ಒಂದೂಕಾಲು ರೂಪಾಯಿ, ಲೋಟಕ್ಕೆ 50 ಪೈಸೆ. ಒಬ್ಬರು ಮೂರು ಲೋಟ ಮಜ್ಜಿಗೆ ಕುಡಿದು ಮೂರೂ ಬಿಸಾಡಿ ಹೋಗುತ್ತಾರೆ. ಹೋದ ವರ್ಷ ತಟ್ಟೆ ಲೋಟಕ್ಕೇ 11,000 ಚಿಲ್ಲರೆ ಆಯಿತು. ಆ ದುಡ್ಡಿನಲ್ಲಿ ಇನ್ನೊಂದು ದಿನ ಒಲೆ ಉರಿಯುತ್ತಿತ್ತು. ಅವರು ಹೋದ ಮೇಲೆ ಎರಡು ದಿನ ನಾವು ಹೊಲದಲ್ಲಿ ಬಿದ್ದ ತಟ್ಟೆ ಆರಿಸುತ್ತೇವೆ. ದನ ತಿನ್ನುತ್ತವೆ ಅಂತ.

ಆದ್ದರಿಂದ ಎರೆಹೊಲ ತಮ್ಮಾ, ನಿಮ್ಮ ಪಟ್ಟಿಯಲ್ಲಿ ಮೊದಲ ಸಾಲು ಇದು: ಒಂದು ಸ್ಟೀಲ್ ತಟ್ಟೆ, ಒಂದು ಲೋಟ. ಮನೆಯಲ್ಲಿ ಇದ್ದೇ ಇರುತ್ತವೆ, ಖರ್ಚು ಸೊನ್ನೆ. ಕಾಣಿಕೆ ಹಾಕಿದರೆ ಸಂತೋಷ, ಹಾಕದಿದ್ದರೂ ಸಂತೋಷ. ಬೇರೆ ದಾಸೋಹದವರು ಏನನ್ನುತ್ತಾರೋ ಗೊತ್ತಿಲ್ಲ, ನಾನಂತೂ 100 ರೂಪಾಯಿ ಕೊಟ್ಟು ತಟ್ಟೆ ಬಿಸಾಡುವವರಿಗಿಂತ ಏನೂ ಕೊಡದೆ ತಟ್ಟೆ ತೊಳೆದುಕೊಳ್ಳುವವರ ಕಡೆ.

ಹಳೇಚಪ್ಪಲಿ (ಜನವರಿ 12)

ಒಲೆಮುಂದೆಯವರಿಗೆ ದೊಡ್ಡ ನಮಸ್ಕಾರ. ಆ ರಸ್ತೆಯಲ್ಲಿ ನಿಮ್ಮ ಕೈ ಊಟ ಮಾಡಿದ್ದೇನೆ ಅನ್ನಿಸುತ್ತದೆ. ಶೇಂಗಾ ಹಿಂಡಿ ಭಾಳ ಖಾರ ಇರುತ್ತಲ್ಲ, ಅದೇ ತಾನೆ?

ಒಲೆಮುಂದೆ (ಜನವರಿ 12)

ಅದೇ. ನಮ್ಮ ಅತ್ತೆಯ ಕೈದು. ಹೇಳಿದರೂ ಕೇಳುವುದಿಲ್ಲ.

ಲೆಕ್ಕದಕ್ಕ (ಜನವರಿ 13)

ನಾನು ನಮ್ಮ ಮೇಳದ ಹಣಕಾಸು ನೋಡಿಕೊಳ್ಳುವವಳು. ಗಂಡಸರು ಮೂರು ವರ್ಷ ನೋಡಿಕೊಂಡು ಮೂರು ವರ್ಷವೂ ಜಗಳ ಆಡಿ ಕಡೆಗೆ ನನ್ನ ಕೈಗೆ ಪುಸ್ತಕ ಕೊಟ್ಟರು. ಎರೆಹೊಲ ಅವರೇ, ನೀವು ಊರಿನ ಮೇಳದ ಜೊತೆ ಹೋಗುವುದಾದರೆ ಪಟ್ಟಿ ಅಂತ ತಲೆಗೆ ಇಷ್ಟು ಕೊಡಬೇಕು. ಅದು ಎಲ್ಲಿ ಹೋಗುತ್ತದೆ ಅಂತ ತಿಳಿದಿರಲಿ.

ಹೋದ ವರ್ಷ ನಾವು 42 ಮಂದಿ. ತಲೆಗೆ 1,500, ಒಟ್ಟು 63,000. ಸಾಮಾನು ಹೊರಲು ಚಿಕ್ಕ ಟೆಂಪೋ, 16 ದಿನಕ್ಕೆ 1,800ರಂತೆ 28,800. ಡ್ರೈವರ್ ಭತ್ಯೆ 6,400. ಡೀಸೆಲ್ 9,500. ದಾಸೋಹ ಇಲ್ಲದ ಕಡೆ ನಾವೇ ಅಡುಗೆ ಮಾಡಲು ರೇಷನ್ನು, ಗ್ಯಾಸು 9,000. ಔಷಧಿ 2,300. ಮೇಳದ ಹೆಸರಲ್ಲಿ ಕಾಣಿಕೆ 5,000. ಎಲ್ಲಾ ಸೇರಿ 61,000. ಉಳಿದ 2,000ದ ಬಗ್ಗೆ ಶ್ರೀಶೈಲದ ಕಟ್ಟೆ ಮೇಲೆ ಒಂದು ತಾಸು ವಾದ. ಕಡೆಗೆ ಡ್ರೈವರಿಗೆ 1,000, ಈ ವರ್ಷದ ಪುಸ್ತಕಕ್ಕೆ 1,000.

ನೋಡಿ, ಅರ್ಧಕ್ಕಿಂತ ಜಾಸ್ತಿ ದುಡ್ಡು ಗಾಡಿಗೇ ಹೋಗಿದೆ. ಗಾಡಿ ಬೇಡ, ಹೆಗಲ ಮೇಲೆ ಹೊರುತ್ತೇವೆ ಅಂದರೆ ಪಟ್ಟಿ 500ಕ್ಕೆ ಇಳಿಯುತ್ತದೆ. ಗಟ್ಟಿ ಹುಡುಗರ ಗುಂಪುಗಳು ಹಾಗೇ ಮಾಡುತ್ತವೆ. ನಿಮ್ಮ ಅವ್ವನಿಗೆ ಗಾಡಿ ಬೇಕು. ಸಾಮಾನಿಗಲ್ಲ, ಒಂದು ದಿನ ಕಾಲು ಕೈಕೊಟ್ಟರೆ ಕೂರಲು.

ಆದರೆ ಒಂದು ಮಾತು. ಗಾಡಿ ಕಾಡಿನೊಳಗೆ ಬರುವುದಿಲ್ಲ. ಆತ್ಮಕೂರಿನಿಂದ ಅದು ದೋರ್ನಾಲ ಮೇಲಿನ ಡಾಂಬರು ರಸ್ತೆ ಹಿಡಿದು ಶ್ರೀಶೈಲಕ್ಕೆ ಹೋಗಿ ಕಾಯುತ್ತದೆ. ನಾವು ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಅಂತ ಕಾಲುದಾರಿ. ಆ ಎರಡು ದಿನಕ್ಕೆ ಬೇಕಾದ್ದು ನಿಮ್ಮ ಬೆನ್ನ ಮೇಲೇ ಇರಬೇಕು. ನೀರು ಮುಖ್ಯ. ಒಳಗೆ ಬಾಟಲಿ ಮಾರುವವರು ಇರುತ್ತಾರೆ, ಹೊತ್ತು ತಂದದ್ದಕ್ಕೆ ತಕ್ಕಂತೆ ದರ ಹೇಳುತ್ತಾರೆ. ಭೀಮನಕೊಳ್ಳದ ಏರಿನಲ್ಲಿ ಬಾಯಿ ಒಣಗಿದಾಗ ಯಾರೂ ಚೌಕಾಸಿ ಮಾಡುವುದಿಲ್ಲ. ಅದು ಹುಲಿ ಸಂರಕ್ಷಿತ ಕಾಡು ಅನ್ನೋದೂ ನೆನಪಿರಲಿ. ಗುಂಪು ಬಿಟ್ಟು ಮುಂದೆ ಓಡಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ.

ಇನ್ನು ದೇವಿಗೆ ತುಂಬುವ ಉಡಿ. ನೀವು ಬರೆದೇ ಇಲ್ಲ! ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆ ಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳ ಮನೆಗೆ ಬರಿಗೈಲಿ ಹೋಗ್ತಾರಾ? ಸೀರೆ, ಗುಳೇದಗುಡ್ಡ ಖಣ, ಹಸಿರು ಬಳೆ, ಅರಿಶಿಣ, ಕುಂಕುಮ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದಚ್ಚು. ಸೀರೆ ಹೇಗೂ ಇಳಕಲ್ ದಾಟಿಯೇ ಹೋಗುತ್ತೀರಿ, ಅಲ್ಲೇ ತಗೊಳ್ಳಿ. 1,800ರಲ್ಲಿ ಎಲ್ಲಾ ಆಗುತ್ತದೆ. ಜಾಸ್ತಿನೂ ಆಗಬಹುದು, ಅದು ಅವ್ವನ ಮೇಲೆ.

ಕುಂಟುಗಾಲು (ಜನವರಿ 13)

ಲೆಕ್ಕದಕ್ಕನಂಥವರು ಎಲ್ಲಾ ಮೇಳದಲ್ಲೂ ಇರಲ್ಲ. ಎರಡು ವರ್ಷದ ಹಿಂದೆ ನಾನು ಗುರುತಿಲ್ಲದ ಒಂದು ಗುಂಪಿಗೆ ಸೇರಿದೆ. ತಲೆಗೆ 3,000 ತಗೊಂಡರು. ಗಾಡಿ ಇದೆ, ಡಾಕ್ಟರ್ ಇದ್ದಾರೆ, ಬರುವಾಗ ಬಸ್ಸೂ ನಮ್ಮದೇ ಅಂದರು. ಗಾಡಿ ಇತ್ತು. ಆದರೆ ನಾವು ಮಲಗುವ ಊರಿಗಿಂತ ಎರಡು ಊರು ಮುಂದೆ ಹೋಗಿ ನಿಂತಿರುತ್ತಿತ್ತು. ಮೂರು ರಾತ್ರಿ ಹೊದಿಕೆ ಇಲ್ಲದೆ ಮಲಗಿದೆ. ಬರುವಾಗಿನ ಬಸ್ಸಿಗೆ ಮತ್ತೆ 900 ಕೇಳಿದರು. ಖರ್ಚಿನ ಪುಸ್ತಕ ತೋರಿಸಿ ಅಂದದ್ದಕ್ಕೆ "ದೇವರ ಕೆಲಸದಲ್ಲಿ ಲೆಕ್ಕ ಕೇಳ್ತೀಯಾ" ಅಂದರು. ಗುಂಪಿನ ಹೆಸರು ಇಲ್ಲಿ ಬೇಡ.

ದುಡ್ಡು ಕೊಡುವ ಮುಂಚೆ ಮೂರೇ ಪ್ರಶ್ನೆ ಕೇಳಿ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ? ಪುಸ್ತಕ ಯಾರ ಕೈಲಿದೆ? ನಾನು ಅರ್ಧ ದಾರಿಯಲ್ಲಿ ವಾಪಸ್ ಬಂದರೆ ಎಷ್ಟು ಕೊಡ್ತೀರಿ? ಮೂರನೆಯದಕ್ಕೆ ನಕ್ಕರೆ ಬೇರೆ ಮೇಳ ಹುಡುಕಿ.

ಹಳೇಚಪ್ಪಲಿ (ಜನವರಿ 13)

ಶೂ ಪುರಾಣ ಹೇಳುತ್ತೇನೆ ಅಂದಿದ್ದೆ.

ನಮ್ಮ ಜೊತೆ ಒಬ್ಬ ಹುಡುಗ 5,000ದ ಹೊಸ ಶೂ ಹಾಕಿಕೊಂಡು ಬಂದಿದ್ದ. ಹೊರಡುವ ದಿನ ಬೆಳಿಗ್ಗೆ ಡಬ್ಬಿಯಿಂದ ತೆಗೆದದ್ದು. ಎರಡನೇ ದಿನ ಸಂಜೆ ಹಿಮ್ಮಡಿಯಲ್ಲಿ ಒಂದೊಂದು ನಿಂಬೆಹಣ್ಣಿನಷ್ಟು ಬೊಬ್ಬೆ. ಮೂರನೇ ದಿನ ಶೂ ಲೇಸು ಕಟ್ಟಿ ಕೊರಳಿಗೆ ಹಾಕಿಕೊಂಡು, ಯಾರದೋ ಹವಾಯಿ ಚಪ್ಪಲಿ ಮೆಟ್ಟಿಕೊಂಡು ನಡೆದ. ಶ್ರೀಶೈಲದವರೆಗೂ ಆ ಶೂ ಅವನ ಎದೆ ಮೇಲೆ ಹಾರದಂತೆ ತೂಗಾಡುತ್ತಿತ್ತು.

ಬೆಲೆ ಮುಖ್ಯ ಅಲ್ಲ. ನಾಳೆಯೇ ತಗೊಳ್ಳಿ, ಮಾರ್ಚ್ 4ರೊಳಗೆ ಕನಿಷ್ಠ ನೂರು ಕಿಲೋಮೀಟರ್ ಸವೆಸಿ. ಅರ್ಧ ಅಳತೆ ದೊಡ್ಡದಿರಲಿ, ಮಧ್ಯಾಹ್ನದ ಹೊತ್ತಿಗೆ ಕಾಲು ಊದುತ್ತದೆ. ಹತ್ತಿಯ ಕಾಲುಚೀಲ ನಾಲ್ಕು ಜೊತೆ. ಬರಿಗಾಲಲ್ಲಿ ನಡೆಯುವವರೂ ಇದ್ದಾರೆ, ಮರಗಾಲು ಕಟ್ಟಿಕೊಂಡು ಬರುವವರನ್ನೂ ನೋಡಿದ್ದೇನೆ. ಅದು ಅವರವರ ಹರಕೆ. ಮೊದಲ ಸಲದವರು ಆ ಹುರುಪಿಗೆ ಬೀಳಬೇಡಿ.

ಬೊಬ್ಬೆ ಬಂದರೆ ನಮ್ಮ ಮೇಳದ ಹಿರಿಯರು ಸೂಜಿ ದಾರ ಪೋಣಿಸಿ ಈ ಕಡೆಯಿಂದ ಆ ಕಡೆಗೆ ದಾಟಿಸಿ ದಾರ ಒಳಗೇ ಬಿಡುತ್ತಾರೆ. ನೀರು ದಾರ ಹಿಡಿದು ಹೊರಗೆ ಬರುತ್ತದೆ. ಬೆಳಿಗ್ಗೆ ನಡೆಯಬಹುದು.

ಬಿಳಿಕೋಟು (ಜನವರಿ 13)

ನಾನು ಸ್ಟಾಫ್ ನರ್ಸ್. ಪಾದಯಾತ್ರಿಗಳ ಆರೋಗ್ಯ ಶಿಬಿರದಲ್ಲಿ ಎರಡು ವರ್ಷ ಕೂತಿದ್ದೇನೆ. ಅಣ್ಣಾವ್ರೇ, ದಾರ ಒಳಗೆ ಬಿಡಬೇಡಿ. ದಾರಿಯ ಧೂಳು, ಬೆವರು ಎಲ್ಲಾ ಅದನ್ನೇ ಹಿಡಿದು ಒಳಗೆ ಹೋಗುತ್ತದೆ. ಮೂರನೇ ದಿನ ಕೀವು. ಬೊಬ್ಬೆ ಸಣ್ಣದಿದ್ದರೆ ಮುಟ್ಟಲೇಬೇಡಿ, ಮೇಲೆ ಪಟ್ಟಿ ಅಂಟಿಸಿ. ದೊಡ್ಡದಿದ್ದು ನಡೆಯಲು ಆಗದಿದ್ದರೆ ಮಾತ್ರ ಹೊಸ ಸೂಜಿಯಲ್ಲಿ ಅಂಚಿಗೆ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮ ಕೀಳದೆ, ಅಯೋಡಿನ್ ಮುಲಾಮು ಹಚ್ಚಿ ಗಾಜ್ ಕಟ್ಟಿ. ಇಬ್ಬರಿಗೂ ಸೇರಿ ಗಾಜ್, ಟೇಪು, ಮುಲಾಮು, ಓಆರ್‌ಎಸ್ 15 ಪೊಟ್ಟಣ, ಜ್ವರದ ಮಾತ್ರೆ ಎಲ್ಲಾ 700ರೊಳಗೆ ಬರುತ್ತದೆ. ಇದರಲ್ಲಿ ಉಳಿತಾಯ ಮಾಡಬೇಡಿ.

ಎರೆಹೊಲ ಅವರೇ, ನಿಮ್ಮ ತಾಯಿಗೆ ಶುಗರ್, ಬಿಪಿ ಏನಾದರೂ ಇದೆಯಾ?

ಎರೆಹೊಲ (ಜನವರಿ 14)

ಶುಗರ್ ಇದೆ ಅಕ್ಕಾ. ಆರು ವರ್ಷದಿಂದ ಮಾತ್ರೆ.

ಬಿಳಿಕೋಟು (ಜನವರಿ 14)

ಹಾಗಾದರೆ ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ದಿನಕ್ಕೆ 25-30 ಕಿಲೋಮೀಟರ್ ನಡೆದರೆ ಸಕ್ಕರೆ ತಾನೇ ಇಳಿಯುತ್ತದೆ. ಮೇಲೆ ಅಷ್ಟೇ ಮಾತ್ರೆ ನುಂಗಿದರೆ ತೀರಾ ಇಳಿದು ಬಿದ್ದುಬಿಡಬಹುದು. ಮಾತ್ರೆ ಎಷ್ಟು ಅಂತ ಅವರೇ ಹೇಳಲಿ, ನಾವು ನೀವು ಹೇಳುವುದು ಬೇಡ. ಸೆರಗಿನಲ್ಲಿ ಯಾವಾಗಲೂ ಬೆಲ್ಲದ ಚೂರೋ ಗ್ಲೂಕೋಸೋ ಇರಲಿ. ಬರಿಗಾಲು ಬೇಡವೇ ಬೇಡ, ಹರಕೆಯಲ್ಲಿ ಇದ್ದರೂ. ಶುಗರ್ ಇದ್ದವರಿಗೆ ಅಂಗಾಲಿನಲ್ಲಿ ಸ್ಪರ್ಶ ಕಡಿಮೆ ಇರಬಹುದು, ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಪ್ರತಿ ರಾತ್ರಿ ಟಾರ್ಚ್ ಹಿಡಿದು ಅವರ ಅಂಗಾಲು, ಬೆರಳ ಸಂದಿ ನೀವೇ ನೋಡಿ. ನಾಚಿಕೆ ಪಟ್ಟುಕೊಳ್ಳುತ್ತಾರೆ, ಬಿಡಬೇಡಿ.

ಚಾರ್ಮಾಡಿಮಂಜು (ಜನವರಿ 14)

ನಮ್ಮದು ಧರ್ಮಸ್ಥಳದ ದಾರಿ, ಶಿವರಾತ್ರಿಗೆ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ. ನಿಮ್ಮದರ ಅರ್ಧವೂ ಆಗಲ್ಲ. ನಮ್ಮಲ್ಲೂ ದಾರಿಯುದ್ದಕ್ಕೂ ಊಟ, ಮಜ್ಜಿಗೆ ಕೊಡ್ತಾರೆ, ಕ್ಷೇತ್ರದಲ್ಲಂತೂ ಅನ್ನಕ್ಕೆ ದುಡ್ಡೇ ಇಲ್ಲ. ಹೋದ ಸಲ ನನಗೆ ಖರ್ಚಾಗಿದ್ದು 1,900. ಅದರಲ್ಲಿ ಒಳ್ಳೆ ಪಾಲು ಕೊಟ್ಟಿಗೆಹಾರದ ನೀರುದೋಸೆ ತಿಂತು. ಒಂದೇ ಕಿವಿಮಾತು: ಕಾಲಿನ ಉಗುರು ಕತ್ತರಿಸಿಕೊಂಡು ಹೋಗಿ. ಘಾಟಿ ಇಳಿಯುವಾಗ ಉಗುರು ಶೂಗೆ ಗುದ್ದಿ ಗುದ್ದಿ ನನ್ನ ಎರಡು ಹೆಬ್ಬೆರಳೂ ಕಪ್ಪಾಗಿದ್ದವು.

ದೂರದೂರು (ಜನವರಿ 14)

ಇದು ಸ್ವಲ್ಪ ಬೇರೆ ಕಡೆಯ ಮಾತು, ಬೇಡವಾದರೆ ದಾಟಿ ಹೋಗಿ. ನಾನು ಜರ್ಮನಿಯಲ್ಲಿರುವ ಧಾರವಾಡದವ. ಇಲ್ಲಿ ಫ್ರಾನ್ಸಿನ ಗಡಿಯಿಂದ ಸ್ಪೇನಿನ ಸ್ಯಾಂಟಿಯಾಗೊವರೆಗೆ ಸುಮಾರು 780 ಕಿಲೋಮೀಟರ್ ಪಾದಯಾತ್ರೆಯ ದಾರಿ ಇದೆ. ಅದರಲ್ಲಿ ಒಂದು ಭಾಗ ನಡೆದೆ. ಅಲ್ಲಿ ರಾತ್ರಿ ಉಳಿಯಲು, ಊಟಕ್ಕೆ ಎಲ್ಲಾ ದುಡ್ಡು ಕೊಡಬೇಕು. ಎರೆಹೊಲ ಹಾಕಿದ ಎಕ್ಸೆಲ್ ಆ ದಾರಿಗೆ ಸರಿಯಾಗುತ್ತೆ! ಆದರೆ ನಡುನಡುವೆ ಕೆಲವು ಛತ್ರಗಳಲ್ಲಿ ಬಾಡಿಗೆ ಇಲ್ಲ, ಬಾಗಿಲಲ್ಲಿ ಒಂದು ಹುಂಡಿ ಇಟ್ಟಿರುತ್ತಾರೆ ಅಷ್ಟೆ. ಡೊನಾಟಿವೊ ಅಂತಾರೆ. ಅಂಥ ಒಂದು ಕಡೆ ಬೇಳೆ ಸೂಪು ಕುಡಿಯುತ್ತಾ ನಮ್ಮಜ್ಜಿ ಹೇಳುತ್ತಿದ್ದ ಶ್ರೀಶೈಲದ ದಾಸೋಹ ನೆನಪಾಗಿತ್ತು.

ಲೆಕ್ಕದಕ್ಕ (ಜನವರಿ 15)

ವಾಪಸ್ ಬರುವ ಖರ್ಚಿನ ಬಗ್ಗೆ ಯಾರೂ ಸರಿಯಾಗಿ ಬರೆದಿಲ್ಲ. ಹೋಗುವಾಗ ಎಲ್ಲಾ ಪುಕ್ಕಟೆ, ಬರುವಾಗ ಎಲ್ಲಕ್ಕೂ ದುಡ್ಡು. ಜನ ಕೈ ಖಾಲಿ ಮಾಡಿಕೊಂಡು ಸಾಲ ಕೇಳುವುದು ಶ್ರೀಶೈಲದ ಬಸ್ ನಿಲ್ದಾಣದಲ್ಲೇ.

ಯುಗಾದಿ ಹೊತ್ತಿಗೆ ಅಲ್ಲಿ ರೂಮು ಸಿಗುತ್ತದೆ ಅಂತ ನಂಬಬೇಡಿ. ಎಲ್ಲಿ ನೋಡಿದರೂ ನಮ್ಮ ಕಡೆಯವರೇ, ಬಯಲಲ್ಲೇ ಮಲಗುವುದು. ಸ್ನಾನ, ಶೌಚ, ಸಾಮಾನು ಇಡುವುದು, ಫೋನ್ ಚಾರ್ಜು, ಎಲ್ಲಕ್ಕೂ ಹತ್ತು ಇಪ್ಪತ್ತು ಹೋಗುತ್ತಿರುತ್ತದೆ. ಹೆಂಗಸರಿಗೆ ಇದು ದುಪ್ಪಟ್ಟು. ಗಂಡಸರು ಗಿಡದ ಮರೆಗೆ ಹೋಗಿ ಬರುತ್ತಾರೆ, ನಾವು ಪ್ರತಿ ಊರಲ್ಲೂ ಬಾಗಿಲಿರುವ ಜಾಗ ಹುಡುಕಬೇಕು. ಅದಕ್ಕೆ ದಿನಕ್ಕೆ 30 ರೂಪಾಯಿ ಚಿಲ್ಲರೆ ಬೇರೆಯಾಗಿ ಇಡಿ. ಚಿಲ್ಲರೆ ಅಂದರೆ ಚಿಲ್ಲರೆಯೇ. ಕಾಡಿನಲ್ಲಿ ಸಿಗ್ನಲ್ ಇರಲಿಲ್ಲ, ಯುಪಿಐ ನಡೆಯಲಿಲ್ಲ. ಶ್ರೀಶೈಲದ ಎಟಿಎಂ ಮುಂದೆ ದರ್ಶನದ ಸಾಲಿಗಿಂತ ಉದ್ದ ಸಾಲು. ರಾಯಚೂರಿನಲ್ಲೇ ಹತ್ತು, ಇಪ್ಪತ್ತು, ಐವತ್ತರ ನೋಟು ಮಾಡಿಸಿಕೊಳ್ಳಿ, ಎರಡು ಕಡೆ ಬೇರೆ ಬೇರೆ ಇಟ್ಟುಕೊಳ್ಳಿ.

ಬಸ್ಸು. 14,000ದ ಕಾರು ಯಾಕ್ರೀ? ಜಾತ್ರೆಗೆ ನಮ್ಮ ಸಾರಿಗೆಯವರು ವಿಶೇಷ ಬಸ್ಸು ಬಿಡುತ್ತಾರೆ. ಹೆಂಗಸರು ಒಂದು ತಪ್ಪು ಮಾಡುತ್ತಾರೆ. ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದರೆ ಟಿಕೆಟ್ ಇಲ್ಲ ಅಂತ ದುಡ್ಡೇ ಇಟ್ಟುಕೊಂಡಿರುವುದಿಲ್ಲ. ಅದು ನಮ್ಮ ರಾಜ್ಯದೊಳಗಿನ ಓಡಾಟಕ್ಕೆ. ಶ್ರೀಶೈಲ ಇರುವುದು ಆಂಧ್ರದಲ್ಲಿ. ಅಲ್ಲೂ ಹೋದ ಆಗಸ್ಟ್‌ನಿಂದ ಹೆಂಗಸರಿಗೆ ಉಚಿತ ಮಾಡಿದ್ದಾರೆ, ಆದರೆ ಅವರ ರಾಜ್ಯದವರಿಗೆ. ನಾವು ರಾಯಚೂರಿನವರೆಗೆ ಟಿಕೆಟ್ ತಗೊಂಡು ಬಂದು ಅಲ್ಲಿ ಇಳಿದು, ರಾಜ್ಯದೊಳಗಿನ ಸಾಮಾನ್ಯ ಬಸ್ಸು ಹತ್ತುತ್ತೇವೆ. ಎರಡು ತಾಸು ತಡ, ಒಬ್ಬೊಬ್ಬರಿಗೆ 200ರ ಮೇಲೆ ಉಳಿತಾಯ. ನಿಮ್ಮ ಅವ್ವನಿಗೆ ಸುಸ್ತಾಗಿದ್ದರೆ ಈ ಜಾಣತನ ಬೇಡ, ಸೀದಾ ಬಸ್ಸಲ್ಲೇ ಬನ್ನಿ.

ನೀಲಿಕೊಡೆ (ಜನವರಿ 15)

ಲೆಕ್ಕ ಯಾಕೆ ಅಂತ ಕೇಳಿದವನು ನಾನೇ. ಮಗ್ಗದವ ಅವರು ಬರೆದದ್ದು ಎರಡು ಸಲ ಓದಿದೆ. ನಾನು ಬ್ಯಾಚುಲರ್, ಅಪ್ಪನ ಅಂಗಡಿ ಇದೆ, ಹದಿನೈದು ದಿನ ಹೋದರೆ ಯಾರೂ ಕೇಳಲ್ಲ. ಅದನ್ನು ಯೋಚಿಸದೆ ಬರೆದೆ. ತಪ್ಪಾಯ್ತು.

ಮಗ್ಗದವ (ಜನವರಿ 15)

ತಪ್ಪೇನಿಲ್ಲ ತಮ್ಮಾ. ದಾರಿಯಲ್ಲಿ ಸಿಕ್ಕರೆ ಚಹಾ ಕುಡಿಸು.

ಇನ್ನೊಂದು ನೆನಪಾಯಿತು. ಬಿಸಿಲೂ ಖರ್ಚೇ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಆ ವರ್ಷ ರಾಯಚೂರಿನಿಂದ ಮುಂದೆ ಬೆಳಿಗ್ಗೆ 9 ಆದರೆ ಹೆಜ್ಜೆ ಇಡಲು ಆಗುತ್ತಿರಲಿಲ್ಲ. ನಸುಕಿನಲ್ಲಿ ಮೂರಕ್ಕೆ ಎದ್ದು ಹೊರಡುವುದು, ಸಂಜೆ ಐದರವರೆಗೆ ಗಿಡದ ಕೆಳಗೆ. ದಿನಕ್ಕೆ 20 ಕಿಲೋಮೀಟರ್ ದಾಟಲಿಲ್ಲ. ಎರಡು ದಿನ ಜಾಸ್ತಿ ಆಯಿತು. ನಮ್ಮಂಥವರಿಗೆ ಎರಡು ದಿನ ಅಂದರೆ 1,100 ರೂಪಾಯಿ. ಎಳನೀರು, ಸೋಡಾಕ್ಕೆ ಹೋದದ್ದು ಬೇರೆ. ಈ ವರ್ಷ ಮಾರ್ಚ್ 19. ಮೂರು ವಾರ ಮುಂಚೆ. ಅಷ್ಟು ಕಾಡಲಿಕ್ಕಿಲ್ಲ.

ಎರೆಹೊಲ (ಜನವರಿ 18)

ಎಲ್ಲರಿಗೂ ಶರಣು. ಈ ಶನಿವಾರ ಊರಿಗೆ ಬಂದು ಅವ್ವನನ್ನು ಎದುರಿಗೆ ಕೂರಿಸಿಕೊಂಡು ಹೊಸದಾಗಿ ಬರೆದೆ. ಇಬ್ಬರಿಗೂ ಸೇರಿ ಪಟ್ಟಿ 3,000. ಮೇಳದ ಪುಸ್ತಕ ನಮ್ಮೂರಿನ ನಿವೃತ್ತ ಮಾಸ್ತರರ ಕೈಲಿದೆ, ಕುಂಟುಗಾಲು ಅವರ ಮೂರೂ ಪ್ರಶ್ನೆ ಕೇಳಿದೆ, ನಗಲಿಲ್ಲ. ನನಗೆ ಶೂ 1,400, ಅವ್ವನಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ 1,000. ಔಷಧಿ 700. ಉಡಿಗೆ 1,800. ದಾಸೋಹಗಳಲ್ಲಿ ಕಾಣಿಕೆ ದಿನಕ್ಕೆ 100ರಂತೆ 1,400. ಚಹಾ, ಚಿಲ್ಲರೆ 1,120. ಬಸ್ಸು 1,600. ಶ್ರೀಶೈಲದ ಎರಡು ದಿನ, ಪ್ರಸಾದ ಸೇರಿ 2,000. ಆಪತ್ತಿಗೆ ಅಂತ ಮುಟ್ಟದೆ ಇಡುವುದು 3,000. ಒಟ್ಟು 17,020. ಸಂಬಳ ಕಟ್ ಆಗುವ 4 ದಿನ ಬೇರೆ. ಅದನ್ನೂ ಪಕ್ಕದಲ್ಲಿ ಬರೆದಿಟ್ಟಿದ್ದೇನೆ.

ಡಾಕ್ಟರ್ ಹತ್ತಿರ ಹೋಗಿ ಬಂದೆವು. ರಾತ್ರಿ ಮಾತ್ರೆ ಅರ್ಧಕ್ಕೆ ಇಳಿಸಿ, ಹೊರಡುವ ಹಿಂದಿನ ವಾರ ಮತ್ತೆ ರಕ್ತ ತೋರಿಸಲು ಹೇಳಿದ್ದಾರೆ. ಬರಿಗಾಲಿನ ಮಾತು ಹರಕೆಯಲ್ಲಿ ಇರಲಿಲ್ಲವಂತೆ. ಇದ್ದಿದ್ದರೂ ಹೇಳುತ್ತಿರಲಿಲ್ಲ ಅನ್ನಿಸುತ್ತೆ.

ಉಡಿಯ 1,800 ಓದುವಾಗ ಅವ್ವ ಕೈ ತೋರಿಸಿ ನಿಲ್ಲಿಸಿದಳು. ಒಳಗೆ ಹೋಗಿ ಅಕ್ಕಿ ಡಬ್ಬಿಯೊಳಗಿಂದ ಒಂದು ಗಂಟು ತಂದು ಬಿಚ್ಚಿದಳು. ಎರಡು ವರ್ಷದಿಂದ ಹಾಲು ಹಾಕಿದ ದುಡ್ಡಿನಲ್ಲಿ ಎತ್ತಿಟ್ಟದ್ದು, 2,140. ಬಹಳಷ್ಟು ಹತ್ತರ ನಾಣ್ಯ, ಅಕ್ಕಿ ಹಿಟ್ಟು ಮೆತ್ತಿಕೊಂಡಿತ್ತು. "ಇದನ್ನ ನಿನ್ನ ಪಟ್ಟ್ಯಾಗ ಬರೀಬ್ಯಾಡ" ಅಂದಳು. ಹಾಗಾಗಿ ಆ ಸಾಲು ಅಳಿಸಿದ್ದೇನೆ. 15,220.

ಹಳೇಚಪ್ಪಲಿ (ಜನವರಿ 18)

ಅಡ್ಡಿಯಿಲ್ಲ. ಶೂ ತಗೊಂಡ್ರಾ ಅಥವಾ ಬರೆದಿದ್ದಷ್ಟೇನಾ?

ಎರೆಹೊಲ (ಜನವರಿ 18)

ತಗೊಂಡೆ ಅಣ್ಣಾರ. ನಿನ್ನೆ ಹೊಲಕ್ಕೆ ಹೋಗಿ ಬಂದೆ, 6 ಕಿಲೋಮೀಟರ್. ಇನ್ನು 94.

ಒಲೆಮುಂದೆ (ಜನವರಿ 18)

4ಕ್ಕೆ ಹೊರಟರೆ 7ನೇ ತಾರೀಖು ಮಧ್ಯಾಹ್ನದ ಹೊತ್ತಿಗೆ ನಮ್ಮ ಹಂದರದ ಹತ್ತಿರ ಇರುತ್ತೀರಿ. ಹಸಿರು ತಾಡಪತ್ರಿ, ಬೇವಿನ ಮರ, ಎಡಕ್ಕೆ. ಅವ್ವನಿಗೆ ಶುಗರ್ ಅಂದಿರಲ್ಲ, ಅನ್ನ ಬೇಡವೆಂದರೆ ಜೋಳದ ನುಚ್ಚು, ಮಜ್ಜಿಗೆ ಮಾಡಿಸಿಡುತ್ತೇನೆ. ಎಷ್ಟು ಮಂದಿ ಬರುತ್ತೀರಿ ಅಂತ 5ರೊಳಗೆ ಇಲ್ಲೇ ಹೇಳಿ. ತಟ್ಟೆ ಮರೀಬೇಡಿ.